ಹೊಂಡದ ಮೀನಿಗೆ ತಿಥಿಯ ಅನ್ನ

ಮೊನ್ನೆ ಅಬಿಡ್ಸ್‌ನ ಫುಟ್‌ಪಾತ್ ಅಂಗಡಿಯಲ್ಲಿ ಹಳೆ ಪುಸ್ತಕ ಕೆದಕುತ್ತ ನಿಂತಿದ್ದೆ. ಮೂಟೆ ಹೇರಿಕೊಂಡ ಆಟೋ ಒಂದು ಪಕ್ಕದಲ್ಲೇ ಬಂದು ನಿಂತಿತು. ಹರಿದ ಮೂಲೆಯಿಂದ ತೌಡು ಸೋರುತ್ತಿತ್ತು, ಜೊತೆಗೆ ಎಣ್ಣೆ ತೆಗೆದ ಶೇಂಗಾ ಹಿಂಡಿಯ ಕಮಟು ವಾಸನೆ. ಕೈಯಲ್ಲಿದ್ದ ಪುಸ್ತಕ ಹಾಗೇ ಕೆಳಗಿಟ್ಟೆ. ನಾರಾಯಣಗೂಡದಲ್ಲಿ ನಮ್ಮ ಪಕ್ಕದ ಮನೆಯ ಕಾಕುವಿನ ಸೆರಗಿಗೆ ಇದೇ ವಾಸನೆ ಇರುತ್ತಿತ್ತು...

ಕಲಬುರಗಿ ಕಡೆಯಿಂದ ಬಂದ ಅವರದು ಉಳ್ಳಾಗಡ್ಡಿಯನ್ನೂ ಅನುಮಾನದಿಂದ ನೋಡುವ ಮನೆ. ಅಂಥ ಮನೆಯ ಕಾಕಾ ಸರ್ಕಾರಿ ನೌಕರಿ ಮುಗಿದ ಮೇಲೆ ತೆಲುಗು ಗೆಳೆಯರೊಬ್ಬರ ಜೊತೆ ಸೇರಿ ಊರಾಚೆ ಮೀನಿನ ಹೊಂಡ ಮಾಡಿದಾಗ ನಮ್ಮ ಓಣಿಗೆ ತಿಂಗಳುಗಟ್ಟಲೆ ನಗಲು ವಿಷಯ ಸಿಕ್ಕಿತು. ಕಾಕು ಅಡುಗೆಮನೆಯಲ್ಲಿ ಮೀನು ಎಂಬ ಶಬ್ದ ಆಡುತ್ತಿರಲಿಲ್ಲ. "ಅವು" ಅನ್ನುತ್ತಿದ್ದರು. ಬಲೆ ಎಳೆಯುವ ದಿನ ತಪ್ಪದೆ ಅವರಿಗೆ ತಲೆನೋವು. ಆದರೆ ಹಿಂಡಿ, ತೌಡು ಕಲಸಿ ಮೇವು ಮಾಡುವುದು ಅವರೇ, ಹೋಳಿಗೆಯ ಕಣಕ ನಾದುವಷ್ಟು ಮುತುವರ್ಜಿಯಿಂದ. ನೀರಿನ ಉಸ್ತುವಾರಿ ಮಾತ್ರ ಆ ಗೆಳೆಯರದು.

ಹೊಸ ಮರಿಗಳನ್ನು ಹೊಂಡಕ್ಕೆ ಬಿಟ್ಟ ಕೆಲವೇ ದಿನಗಳಲ್ಲಿ ಕಾಕಾ ಎದೆನೋವಿನಿಂದ ಹೋಗಿಬಿಟ್ಟರು. ಹೊಂಡದ ಉಸಾಬರಿ ಸಾಕು ಎಂದು ಮೈದುನ ಹೇಳಿದರೂ ಕಾಕು ಕೇಳಲಿಲ್ಲ.

"ಅವರ ಕೈಲೆ ಬಿಟ್ಟ ಮರಿ ಅವು. ದೊಡ್ಡವು ಆಗೂತನಕ ನಾ ಬಿಡಂಗಿಲ್ಲ."

ದೊಡ್ಡವಾದ ಮೇಲೆ ಅವುಗಳ ಗತಿ ಏನೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆಗ ನಾನು ಕಾಲೇಜು ಹುಡುಗಿ. ಬಿಡುವಿದ್ದಾಗೆಲ್ಲ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅವರನ್ನು ಹೊಂಡಕ್ಕೆ ಒಯ್ಯುತ್ತಿದ್ದೆ.

ವರ್ಷದ ತಿಥಿ ಬಂತು. ಆ ವಾರವೆಲ್ಲ ಮೋಡ, ಮಳೆಯಿಲ್ಲ, ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಮಾಳಿಗೆಯ ಮೇಲೆ ಕಾಗೆಗೆ ಎಡೆ ಇಟ್ಟು ಕಾಯ್ದೆವು. ಕಾಗೆ ಮುಟ್ಟದಿದ್ದರೆ ಹೋದವರಿಗೆ ತೃಪ್ತಿಯಿಲ್ಲ ಎಂಬ ನಂಬಿಕೆ. ಬಂದದ್ದು ಬರೀ ಪಾರಿವಾಳ! ಅವನ್ನು ಹುಷ್ ಹುಷ್ ಎಂದು ಓಡಿಸುವುದರಲ್ಲೇ ಮಧ್ಯಾಹ್ನ ಕಳೆಯಿತು. ಕಾಕುವಿನ ಮುಖ ಸಣ್ಣದಾಯಿತು. ಕೊನೆಗೆ ಭಟ್ಟರು, "ನೀರಿಗೆ ಬಿಟ್ಟರೂ ನಡೀತೈತಿರಿ," ಅಂದರು. ಅಷ್ಟೇ ಸಾಕಾಯಿತು. ಅನ್ನ, ಪಾಯಸ, ವಡೆ, ಉಳಿದದ್ದೆಲ್ಲ ದೊಡ್ಡ ಪಾತೇಲಿಗೆ ತುಂಬಿ ತೊಡೆಯ ಮೇಲಿಟ್ಟುಕೊಂಡು ಕಾಕು ಸ್ಕೂಟರ್ ಹತ್ತಿದರು.

ಹೊಂಡದ ನೀರು ಪಾಲಕ್ ಸಾರಿನಂತೆ ದಟ್ಟ ಹಸಿರಾಗಿತ್ತು. ಮೋಡದ ದಿನ ಮೇವು ಹಾಕಬೇಡಿ ಎಂದು ಆ ಗೆಳೆಯರು ಎಷ್ಟೋ ಸಲ ಹೇಳಿದ್ದರು. ನಾನು ನೆನಪಿಸಿದೆ.

"ಇದು ಮೇವಲ್ಲ, ಎಡೆ," ಅಂದರು ಕಾಕು, ಮತ್ತು ಪಾತೇಲಿಯನ್ನು ಪೂರ್ತಿ ಬಗ್ಗಿಸಿದರು. ಆ ರಾತ್ರಿ, ಹೊಂಡ ಕಾಯಲು ಕಾಕಾ ಏರಿಯ ಮೇಲೆ ಕಟ್ಟಿಸಿದ್ದ ಕೋಣೆಯಲ್ಲೇ ಉಳಿದೆವು.

ನಸುಕಿನಲ್ಲಿ ಕಾಕು ನನ್ನನ್ನು ಅಲುಗಾಡಿಸಿ ಎಬ್ಬಿಸಿದರು. "ಏಳವ್ವಾ, ಬಂದು ನೋಡ!" ಈ ದಂಡೆಯಿಂದ ಆ ದಂಡೆಯವರೆಗೆ ನೀರಿನ ಮೇಲೆ ಬರೀ ಬಾಯಿಗಳು. ದುಂಡಗೆ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು.

"ಬಾಯಿ ತೆಗದು ಕೇಳಾಕತ್ತಾವ ನೋಡ. ಅವರಿಗೆ ಮುಟ್ಟೇತಿ! ಇನ್ನೂ ಬೇಕಂತ!"

ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ. ಕೋಣೆಯಲ್ಲಿದ್ದ ಮೇವಿನ ಚೀಲವನ್ನು ಎಳೆದು ತಂದು ಬೊಗಸೆ ಬೊಗಸೆ ಎರಚಿದರು. ಮೀನುಗಳು ಅದನ್ನು ಮುಟ್ಟಲಿಲ್ಲ, ಬಾಯಿ ಮುಚ್ಚಲೂ ಇಲ್ಲ. ನನಗೆ ವಿಚಿತ್ರವೆನಿಸಿತು. ಆದರೆ ವರ್ಷದಿಂದ ನೋಡದ ಖುಷಿ ಕಾಕುವಿನ ಮುಖದಲ್ಲಿತ್ತು. ಬೆಳಕು ಹರಿಯುವ ಹೊತ್ತಿಗೆ ಒಂದೊಂದಾಗಿ ಬಿಳಿ ಹೊಟ್ಟೆಗಳು ಮೇಲಾದವು.

ಸುದ್ದಿ ತಿಳಿದು ಕಾಕಾನ ಗೆಳೆಯರು ಪಕ್ಕದ ಹಳ್ಳಿಯಿಂದ ಓಡಿಬಂದು ಮೋಟರ್ ಹಾಕಿ ನೀರು ಚಿಮ್ಮಿಸಿದರು. ತಡವಾಗಿತ್ತು. ಮಧ್ಯಾಹ್ನ ಮೀನುಗಾರಿಕೆಯ ಅಧಿಕಾರಿಯೊಬ್ಬರು ಬಂದು ಶೀಶೆಯಲ್ಲಿ ನೀರು ಹಿಡಿದು ಪರೀಕ್ಷಿಸಿದರು.

"ನೀಳ್ಳಲ್ಲೋ ಗಾಲಿ ಲೇದಮ್ಮಾ." ನೀರಿನಲ್ಲಿ ಗಾಳಿಯೇ ಇಲ್ಲ, ಅಂದರು. ಬಿಸಿಲಿದ್ದರೆ ಹಸಿರು ಪಾಚಿ ಗಾಳಿ ಕೊಡುತ್ತದಂತೆ, ಮೋಡ ಕವಿದರೆ ಕೊಡುವುದು ಕಡಿಮೆ, ರಾತ್ರಿಯಂತೂ ಇದ್ದದ್ದನ್ನೂ ಅದೇ ಎಳೆದುಕೊಳ್ಳುತ್ತದಂತೆ. ತಿನ್ನದೆ ಉಳಿದ ಮೇವು ಕೊಳೆತರೆ ಇದ್ದಷ್ಟು ಗಾಳಿಯೂ ಹೋಯಿತು. ಮೀನು ಮೇಲೆ ಬಂದದ್ದು ಉಸಿರಿಗೆ. ಹಾಗಾದರೆ ಆ ಅನ್ನದಿಂದಲೇ ಹೀಗಾಯಿತೇ ಎಂದು ಕಾಕು ಕೇಳಿದರು. ಅಧಿಕಾರಿ ಖಾಲಿ ಪಾತೇಲಿ ನೋಡಿದರು, ಕಾಕುವಿನ ಮುಖ ನೋಡಿದರು. ಈ ಮೋಡಕ್ಕೆ ಹೇಗೂ ಸಾಯುತ್ತಿದ್ದವೋ ಏನೋ, ಅಂದರು. ಅದು ನಿಜವೋ ಕನಿಕರವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮರಳಿ ಬರುವಾಗ ಸ್ಕೂಟರಿನ ಹಿಂದಿನಿಂದ ಕಾಕು ಒಂದೇ ಒಂದು ಮಾತಾಡಿದರು. "ಹಸಿವಿ ಆಗಿರಲಿಲ್ಲೇನ ಅವಕ್ಕ?" ಆಮೇಲೆ ಅವರು ಹೊಂಡದ ಕಡೆ ಹೋಗಲಿಲ್ಲ. ಮಾಳಿಗೆಯ ಮೇಲೆ ಕಾಗೆಗೂ ಏನೂ ಇಡಲಿಲ್ಲ.

ಹೋದ ಚಳಿಗಾಲದಲ್ಲಿ ಕಾಕು ಹಾಸಿಗೆ ಹಿಡಿದರು. ಕೊನೆಯ ದಿನ ಮಾತು ನಿಂತಿತ್ತು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಅವರ ಅಕ್ಕ ಗಂಜಿ ಕಲಸಿಕೊಂಡು ಬಂದರು.

"ಬಾಯಿ ತೆಗಿಯಾಕತ್ತಾಳ, ಪಾಪ, ಹಸಿವಿ ಆಗೇತಿ. ಒಂದ್ ಚಮಚಾ ಹಾಕೂಣು."

ನಾನು ಅವರ ಕೈ ಹಿಡಿದುಬಿಟ್ಟೆ. "ಬ್ಯಾಡ್ರಿ ಅಕ್ಕಾರ, ಅದು ಉಸಿರಿಗೆ." ದಿಂಬು ಎತ್ತರಿಸಿದೆ, ಕಿಟಕಿ ತೆಗೆದೆ. ಕಾಕು ನನ್ನನ್ನೇ ನೋಡಿದರು. ಮತ್ತೆ ಬಾಯಿ ತೆರೆದರು. ಸಂಜೆಗೆ ಹೋದರು. ಹಿಂದಿನ ದಿನದಿಂದ ಅವರ ಹೊಟ್ಟೆಗೆ ಏನೂ ಹೋಗಿರಲಿಲ್ಲ...

ಆಟೋ ಹೊರಟುಹೋಯಿತು. ರಸ್ತೆಗೆ ಚೆಲ್ಲಿದ ತೌಡಿಗೆ ಪಾರಿವಾಳಗಳು ಇಳಿದವು. ಅಂಗಡಿಯವನು ಹುಷ್ ಅನ್ನಲು ಕೈ ಎತ್ತಿದ. ಇರಲಿ ಬಿಡಿ, ತಿನ್ನಲಿ ಅಂದೆ. ಅವಕ್ಕೆ ಹಸಿವೇ, ಅದರಲ್ಲಿ ಅನುಮಾನವಿಲ್ಲ. ಕಾಕು ಅವತ್ತು ಕೇಳಿದ್ದು ಉಸಿರನ್ನೋ, ಒಂದು ಚಮಚ ಗಂಜಿಯನ್ನೋ? ಕೇಳಿ ತಿಳಿಯೋಣವೆಂದರೆ ಕಾಕು ಇಲ್ಲ.