ಏಳೂವರೆ ಮೊಳದ ಹುಡ್ಡು

ದೆಹಲಿಯ ಪೀತಮ್‌ಪುರದ ಪದ್ಮಾಳಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಎರಡು ಭಾಗ್ಯ ಒಂದೇ ತಿಂಗಳಲ್ಲಿ ಬಂದವು. ಒಂದು ಡ್ರೈವಿಂಗ್ ಲೈಸೆನ್ಸ್, ಇನ್ನೊಂದು ಬಿಳಿ ಬಣ್ಣದ ಹಳೆಯ ಪಿಕಪ್ ಗಾಡಿ. ಲೈಸೆನ್ಸ್ ಬಂದ ದಿನ ಅದನ್ನು ದೇವರ ಮುಂದಿಟ್ಟಳು. ಗಾಡಿಯನ್ನು ದೇವರ ಮುಂದಿಡಲು ಜಾಗವಿಲ್ಲದ್ದರಿಂದ ದೇವರ ಪಟವನ್ನೇ ಗಾಡಿಯೊಳಗೆ ಒಯ್ದು ಅಂಟಿಸಿದಳು.

ಇಪ್ಪತ್ತು ವರ್ಷದಿಂದ ಪದ್ಮಾ ಹೂ ಕಟ್ಟಿ ಮಾರುತ್ತಿದ್ದಾಳೆ. ಮದುವೆಯಾಗಿ ಅರಸೀಕೆರೆಯಿಂದ ದೆಹಲಿಗೆ ಬಂದಾಗ ಇಲ್ಲಿಯ ಮಾರ್ಕೆಟ್ಟಿನಲ್ಲಿ ಮಲ್ಲಿಗೆಯನ್ನು ಸೂಜಿಯಲ್ಲಿ ಪೋಣಿಸಿ ಕೊಡುವುದನ್ನು ನೋಡಿ ಅವಳಿಗೆ ಕರುಳು ಹಿಂಡಿದಂತಾಗಿತ್ತು. ಹೂವನ್ನು ಚುಚ್ಚುತ್ತಾರೆಯೇ ಯಾರಾದರೂ? ತನಗೆಂದು ಕಟ್ಟಿಕೊಂಡಳು, ಪಕ್ಕದ ಮನೆಯವರು ಕೇಳಿದರು, ಆಮೇಲೆ ಕನ್ನಡದವರು, ತೆಲುಗಿನವರು, ತಮಿಳಿನವರು ಎಲ್ಲರೂ ಕೇಳಿದರು. ಗಾಜೀಪುರದ ಹೂವಿನ ಮಂಡಿಯಿಂದ ಎರಡು ಚೀಲ ಮೊಗ್ಗು ತುಂಬಿಕೊಂಡು ಮೆಟ್ರೊ ಹತ್ತಿದರೆ ಬೋಗಿಯಲ್ಲಿದ್ದವರೆಲ್ಲ ಮೂಗು ಅರಳಿಸಿ ಅವಳ ಕಡೆ ತಿರುಗುತ್ತಿದ್ದರು. ಈಗ ಅವಳ ಕಣ್ಣು ನೋಯ್ಡಾದ ಮೇಲೆ ಬಿದ್ದಿತ್ತು. ಅಲ್ಲಿಯ ಒಂದು ದೊಡ್ಡ ವಸತಿ ಸೊಸೈಟಿಯ ಗೇಟಿನ ಹತ್ತಿರ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಾಡಿ ನಿಲ್ಲಿಸಿ ಮಾರಲು ಅನುಮತಿ ಸಿಕ್ಕಿತ್ತು. ಆ ಒಂದು ದಿನ ಗೆದ್ದರೆ ಪ್ರತಿ ಶುಕ್ರವಾರವೂ ಬರಬಹುದೆಂದು ಸೊಸೈಟಿಯವರು ಹೇಳಿದ್ದರು. ಹೂ ಬಾಡಿತೋ, ಗೇಟಿನಾಚೆ ದಾರಿ.

ಹಾಗಾಗಿ ಗಾಡಿಯ ಹಿಂಭಾಗಕ್ಕೆ ಹೊದಿಕೆ, ಲಾರಿಯವರ ಮಾತಿನಲ್ಲಿ ಹುಡ್ಡು, ಬೇಕಾಗಿತ್ತು. ಆಗಸ್ಟ್ ತಿಂಗಳ ದೆಹಲಿ, ಒಂದು ಗಳಿಗೆ ಬಿಸಿಲು, ಮರುಗಳಿಗೆ ಮಳೆ. ಅವಳ ಗಂಡ ಕೃಷ್ಣಮೂರ್ತಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಮೂವತ್ತೆರಡು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಬೀಗ ಹಾಕಲಾಗದ ಯಾವ ವಸ್ತುವಿನ ಮೇಲೂ ಅವರಿಗೆ ನಂಬಿಕೆಯಿಲ್ಲ. ತಗಡಿನ ಪೆಟ್ಟಿಗೆಯನ್ನೇ ಕೂರಿಸೋಣ, ಗಟ್ಟಿಮುಟ್ಟಾಗಿರುತ್ತದೆ ಎಂದು ಅವರ ವಾದ. ತಗಡಿನೊಳಗೆ ಮಲ್ಲಿಗೆ ಬೇಯುತ್ತದೆ, ಹೂವಿಗೆ ಉಸಿರಾಡುವ ಬಟ್ಟೆಯೇ ಬೇಕು ಎಂದು ಪದ್ಮಾಳ ಹಟ. ಒಂದು ವಾರ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಕೊನೆಗೆ ಕೃಷ್ಣಮೂರ್ತಿ ಸೋತರು. ಅವರು ಸೋಲುವುದು ಹೊಸದೇನಲ್ಲ, ಆದರೆ ಪ್ರತಿ ಸಲವೂ ಮುಖ ಊದಿಸಿಕೊಂಡೇ ಸೋಲುತ್ತಾರೆ.

ಗಾಡಿ ಬ್ರೇಕಿನ ರಿಪೇರಿಗೆ ಹೋಗಿದ್ದರಿಂದ ಇಬ್ಬರೂ ಆಟೊ ಹತ್ತಿ ಟ್ರಾನ್ಸ್‌ಪೋರ್ಟ್ ನಗರಕ್ಕೆ ಹೋದರು. ಅಲ್ಲಿ ಲಾರಿಗಳಿಗೆ ಟಾರ್ಪಾಲು ಹೊಲಿಯುವ ಸತ್‌ಬೀರ್ ಎಂಬ ಹರಿಯಾಣದವನ ಅಂಗಡಿ. ಆಳು ಬಾಗಿಲಿನಷ್ಟು ಎತ್ತರ, ಮಾತು ಮಾತ್ರ ಮೆಲ್ಲಗೆ. ಅವನು ಮೂರು ಬಗೆಯ ಬಟ್ಟೆ ಹರಡಿದ: ತೆಳ್ಳಗಿನ ನೀಲಿ ಪ್ಲಾಸ್ಟಿಕ್, ಮಿರಮಿರ ಮಿಂಚುವ ರೆಕ್ಸಿನ್, ಹಸಿರು ಬಣ್ಣದ ದಪ್ಪ ಕ್ಯಾನ್ವಾಸ್. ಬೇರೆಯವರಾದರೆ ಮುಟ್ಟಿ ನೋಡುತ್ತಾರೆ, ಎಳೆದು ನೋಡುತ್ತಾರೆ. ಪದ್ಮಾ ಕೈಚೀಲದಿಂದ ಒಂದು ಮೊಳ ಮಲ್ಲಿಗೆ ತೆಗೆದು ಮೂರು ತುಂಡು ಮಾಡಿ, ಒಂದೊಂದು ಬಟ್ಟೆಯಲ್ಲಿ ಒಂದೊಂದನ್ನು ಸುತ್ತಿ ಬಿಸಿಲಿಗಿಟ್ಟು, ಭಯ್ಯಾ, ಈಗ ಚಹಾ ಕುಡಿಯೋಣ ಎಂದಳು.

ಚಹಾ ಮುಗಿಯಿತು, ಇನ್ನೊಂದು ಚಹಾ ಬಂತು. ಪದ್ಮಾಳ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಪ್ಲಾಸ್ಟಿಕ್ ಬಿಚ್ಚಿದರೆ ಹೂವು ಬೆವೆತು ಕಂದಿತ್ತು. ರೆಕ್ಸಿನ್ನಿನದು ನೋಡಲು ಚೆನ್ನಾಗಿತ್ತು, ಮೂಸಿದರೆ ಹೊಸ ಚಪ್ಪಲಿಯ ವಾಸನೆ. ಕ್ಯಾನ್ವಾಸಿನೊಳಗಿನ ಮೊಗ್ಗು ಇನ್ನೂ ಮೊಗ್ಗಾಗಿಯೇ ಇತ್ತು. ಅಷ್ಟಕ್ಕೇ ಬಿಡದೆ ಬಟ್ಟೆಯ ನಡುವೆ ಒಂದು ಲೋಟ ನೀರು ಸುರಿದು ಪದ್ಮಾ, ಸತ್‌ಬೀರ್ ಇಬ್ಬರೂ ಎತ್ತಿ ಹಿಡಿದರು. ಕೆಳಗೆ ಒಂದು ಹನಿಯೂ ಇಳಿಯಲಿಲ್ಲ. ಪದ್ಮಾಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ತನ್ನ ಮದುವೆಯ ಸೀರೆಯನ್ನೂ ಅವಳು ಇಷ್ಟು ಪರೀಕ್ಷೆ ಮಾಡಿ ಆರಿಸಿರಲಿಲ್ಲ.

ಅಕ್ಕಪಕ್ಕದ ಬಟ್ಟೆಯನ್ನು ಸುತ್ತಿ ಮೇಲಕ್ಕೆ ಕಟ್ಟುವಂತಿರಬೇಕು, ಗಾಳಿಗೆ ಜಾಲರಿಯ ಕಿಟಕಿ ಬೇಕು ಎಂದೆಲ್ಲ ಹೇಳಿದಳು. ಕಬ್ಬಿಣದ ಕಮಾನುಗಳು ಗಾಡಿಯಲ್ಲಿ ಆಗಲೇ ಇದ್ದವು. ಅಗಲ, ಎತ್ತರ ತನಗೆ ಗೊತ್ತು, ಹಿಂಭಾಗವನ್ನು ಮಾತ್ರ ಒಬ್ಬೊಬ್ಬರು ಒಂದೊಂದು ಉದ್ದಕ್ಕೆ ಕಟ್ಟಿಸಿರುತ್ತಾರೆ, ಅಳತೆ ಹೇಳಿ ಎಂದ ಸತ್‌ಬೀರ್. ಹಿಂದಿನ ದಿನ ಮನೆಯಲ್ಲಿ ಟೇಪು ಸಿಗದೆ ಪದ್ಮಾ ಕೈಯಲ್ಲೇ ಅಳೆದಿದ್ದಳು. ಮೊಳ ಅವಳಿಗೆ ಉಸಿರಾಡಿದಷ್ಟು ಸಲೀಸು.

“ಸಾಡೇ ಸಾತ್ ಹಾಥ್,” ಎಂದಳು, ಏಳೂವರೆ ಮೊಳ.

ಅಷ್ಟು ಉದ್ದವೇ ಎಂದು ಅವನು ಎರಡು ಸಲ ಕೇಳಿದ. ಅನುಮಾನವೇ ಬೇಡ ಎಂದಳು ಪದ್ಮಾ, ಸ್ವಲ್ಪ ಬಿಗುಮಾನದಿಂದಲೇ. ಆ ಹೊತ್ತಿಗೆ ಕೃಷ್ಣಮೂರ್ತಿ ಎದುರಿನ ಅಂಗಡಿಯ ತಗಡಿನ ಪೆಟ್ಟಿಗೆಗಳನ್ನು ಆಸೆಯಿಂದ ತಟ್ಟಿ ತಟ್ಟಿ ನೋಡುತ್ತಿದ್ದರು.

ಹಬ್ಬಕ್ಕೆ ಎರಡು ದಿನ ಇರುವಾಗ, ಬುಧವಾರ, ಹುಡ್ಡು ತಯಾರಾಯಿತು. ಪದ್ಮಾ ತಾನೇ ಗಾಡಿ ಓಡಿಸಿಕೊಂಡು ಹೋದಳು, ಕೃಷ್ಣಮೂರ್ತಿ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುತ್ತಾ ಹೋದರು. ಸತ್‌ಬೀರ್ ಬಟ್ಟೆಯನ್ನು ಕಮಾನಿನ ಮೇಲೆ ಹಾಸಿ ಎಳೆದ. ಎಳೆದಷ್ಟೂ ಬಂತು. ಗಾಡಿ ಮುಗಿದರೂ ಬಟ್ಟೆ ಮುಗಿಯಲಿಲ್ಲ. ಮೂರಡಿಗೂ ಹೆಚ್ಚು ಕ್ಯಾನ್ವಾಸ್ ಹಿಂದೆ ಸೆರಗಿನಂತೆ ನೆಲಕ್ಕೆ ಜೋತುಬಿತ್ತು.

ನೀವು ಹೇಳಿದ್ದೇ ಏಳೂವರೆ ಹಾಥ್ ಎಂದ ಸತ್‌ಬೀರ್. ನನ್ನ ಗಾಡಿ ಇರುವುದೇ ಏಳೂವರೆ ಎಂದಳು ಪದ್ಮಾ. ಮತ್ತೆ ಅಳೆದು ತೋರಿಸಿದಳು, ಸರಿಯಾಗಿ ಏಳೂವರೆಯೇ ಬಂತು. ಅವನು ಟೇಪು ಹಿಡಿದ, ಎಂಟಡಿ ಬಂತು. ಒಂದು ಹಾಥ್ ಎಂದರೆ ಒಂದೂವರೆ ಅಡಿ ಎಂದು ಲೆಕ್ಕ ಹಾಕಿ ಅವನು ಹನ್ನೊಂದು ಕಾಲು ಅಡಿ ಹೊಲಿದಿದ್ದ. ತಪ್ಪು ಯಾರದೆಂದು ಇಬ್ಬರಿಗೂ ತಿಳಿಯಲಿಲ್ಲ. ತಿಳಿದದ್ದು ಕೃಷ್ಣಮೂರ್ತಿಯವರಿಗೆ.

“ಪದ್ಮಾ, ಆ ಕೈ ಹಾಗೇ ಇರಲಿ,” ಎಂದರು. ಅವಳ ಮೊಣಕೈಯಿಂದ ಟೇಪು ಇಟ್ಟರು. “ಬೆರಳು ಯಾಕೆ ಮಡಚಿದೀಯಾ?”

ಪದ್ಮಾ ಕೈ ನೋಡಿಕೊಂಡಳು. ಮುಷ್ಟಿ ಬಿಗಿಯಾಗಿ ಮುಚ್ಚಿತ್ತು. ಮೊಣಕೈಯಿಂದ ಮುಷ್ಟಿಯವರೆಗೆ ಹದಿಮೂರು ಅಂಗುಲ, ಬೆರಳು ಚಾಚಿದರಷ್ಟೇ ಪೂರಾ ಮೊಳ. ಅರಸೀಕೆರೆಯ ದೇವಸ್ಥಾನದ ಬೀದಿಯಲ್ಲಿ ಅವಳ ಸೋದರತ್ತೆ ಹೂ ಅಳೆಯುತ್ತಿದ್ದದ್ದು ಹೀಗೆಯೇ, ಅವಳು ಕಲಿತದ್ದೂ ಹೀಗೆಯೇ. ಹೂವಿನವರ ಮೊಳ ಅದು. ಹಾಗೆ ಅಳೆಯುವುದರಲ್ಲಿ ಏನಾದರೂ ತಪ್ಪು ಉಂಟೆಂದು ಅವಳಿಗೆ ಒಂದು ದಿನವೂ ಹೊಳೆದಿರಲಿಲ್ಲ. ಸುಶೀಲಮ್ಮನ ನೆನಪಾಗಿ ಮುಖ ಬಿಸಿಯಾಯಿತು. ಹಿಂದೆ ಪೀತಮ್‌ಪುರದಲ್ಲೇ ಇದ್ದ ಆ ಮುದುಕಿ ಪ್ರತಿ ಶುಕ್ರವಾರ ಹೂ ತೆಗೆದುಕೊಳ್ಳುವಾಗ ನಿನ್ನ ಮೊಳ ಮೋಟು ಕಣೇ ಎನ್ನುತ್ತಿದ್ದರು. ಪದ್ಮಾ ಪ್ರತಿ ಶುಕ್ರವಾರ ದೇವರಾಣೆ ಹಾಕುತ್ತಿದ್ದಳು. ಇಷ್ಟು ವರ್ಷ, ಎಷ್ಟು ಆಣೆ!

“ಏಳೂವರೆ ಶನಿ ಅಂತ ಕೇಳಿದ್ದೆ, ಏಳೂವರೆ ಮೊಳ ಈಗ ನೋಡಿದೆ,” ಎಂದು ಕೃಷ್ಣಮೂರ್ತಿ ನಕ್ಕರು. ಹೆಂಡತಿಯ ಮುಖ ಕಂಡು ನಗುವನ್ನು ಅಲ್ಲಿಗೇ ನಿಲ್ಲಿಸಿದರು.

ಕತ್ತರಿಸಿ ಅಂಚು ಹೊಲಿಯಲು ಅರ್ಧ ಗಂಟೆ ಸಾಕು ಎಂದು ಸತ್‌ಬೀರ್ ಕತ್ತರಿ ಎತ್ತಿಕೊಂಡ. ಪದ್ಮಾ ಜೋತುಬಿದ್ದ ಬಟ್ಟೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿ ನೋಡಿದಳು. ಕೆಳಗೆ ನೆರಳಾಯಿತು. ನಾಲ್ಕು ಜನ ನಿಲ್ಲುವಷ್ಟು ನೆರಳು. ಮತ್ ಕಾಟೋ ಭಯ್ಯಾ ಎಂದು ಅವನ ಕೈ ತಡೆದಳು. ತುದಿಗೆ ಎರಡು ಹಿತ್ತಾಳೆಯ ಕಣ್ಣು ಹಾಕು, ಅದಕ್ಕೆ ಸಿಕ್ಕಿಸಲು ಎರಡು ಬಿದಿರಿನ ಗಳ ಕೊಡು, ಬೇಡವಾದಾಗ ಸುತ್ತಿ ಕಟ್ಟಲು ಪಟ್ಟಿ ಇಡು ಎಂದು ಒಂದೇ ಉಸಿರಿಗೆ ಹೇಳಿದಳು. ಸತ್‌ಬೀರ್ ಕ್ಷಣ ಯೋಚಿಸಿ, ಕತ್ತರಿ ಕೆಳಗಿಟ್ಟು, ಮೊದಲ ಸಲ ಗಟ್ಟಿಯಾಗಿ ನಕ್ಕ.

ಗುರುವಾರ ನಸುಕಿನಲ್ಲೇ ಗಾಜೀಪುರದಲ್ಲಿ ಮೊಗ್ಗು ಕೊಂಡು ತಂದು, ಮಧ್ಯಾಹ್ನದವರೆಗೆ ಇಬ್ಬರೂ ಕೂತು ಕಟ್ಟಿದರು. ಕೃಷ್ಣಮೂರ್ತಿ ಕಟ್ಟಿದ್ದು ಸಡಿಲ, ಅದು ಗಾಡಿಯ ದೇವರಿಗೇ ಹೋಯಿತು. ಮೂರು ಗಂಟೆಗೆ ನೋಯ್ಡಾದ ಸೊಸೈಟಿ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಗಳ ನೆಟ್ಟು ಸೆರಗು ಬಿಡಿಸಿದರೆ ಅದು ಹುಡ್ಡಲ್ಲ, ಹಬ್ಬದ ಮನೆಯ ಚಪ್ಪರವೇ. ಅರ್ಧ ಗಂಟೆಯಲ್ಲಿ ಹೆಂಗಸರು ಕೂಡಿದರು. ನಾಲ್ಕಕ್ಕೆ ಮಳೆ ಧೋ ಎಂದು ಸುರಿಯಿತು. ಬಾಳೆಹಣ್ಣಿನ ತಳ್ಳುಗಾಡಿಯವನು ಪ್ಲಾಸ್ಟಿಕ್ ಹೊದಿಸಿಕೊಂಡು ಓಡಿದ. ಪದ್ಮಾಳ ಮುಂದೆ ನಿಂತವರು ಮಾತ್ರ ಕದಲಲಿಲ್ಲ. ಒಬ್ಬರಿಗೊಬ್ಬರು ಒತ್ತಿಕೊಂಡು ಚಪ್ಪರದಡಿ ನಿಂತು, ಕಳಶಕ್ಕೆ ಎಷ್ಟು ಬೇಕು, ಜಡೆಗೆ ಎಷ್ಟು ಎಂದು ಐದು ಭಾಷೆಯಲ್ಲಿ ಕೇಳತೊಡಗಿದರು. ಒಳಗೆ ಹೂವು ಬೆಳಗಿನಷ್ಟೇ ತಾಜಾ. ಸೊಸೈಟಿಯ ಕಾರ್ಯದರ್ಶಿ ಕೊಡೆ ಹಿಡಿದು ಬಂದು ನೋಡಿ, ಇನ್ನು ಪ್ರತಿ ಶುಕ್ರವಾರವೂ ಇದೇ ಜಾಗ ಎಂದು ಹೇಳಿ ಹೋದರು. ಪದ್ಮಾಳಿಗೆ ಕುಣಿಯಬೇಕೆನಿಸಿತು, ಕೈಯಲ್ಲಿ ಹೂವಿತ್ತು.

ಆ ಗುಂಪನ್ನು ಸರಿಸಿಕೊಂಡು ಸುಶೀಲಮ್ಮ ಮುಂದೆ ಬಂದರು. ಮಗನ ಮನೆಗೆಂದು ಪೀತಮ್‌ಪುರ ಬಿಟ್ಟು ಬಂದು ಇದೇ ಸೊಸೈಟಿಯಲ್ಲಿ ಇದ್ದಾರೆಂದು ಪದ್ಮಾಳಿಗೆ ಗೊತ್ತಿರಲಿಲ್ಲ. ನಾಲ್ಕು ಮೊಳ ಕೊಡು, ಸರಿಯಾಗಿ ಅಳೆ ಎಂದರು ಮುದುಕಿ, ಹಳೆಯ ಜಗಳಕ್ಕೆ ಸಿದ್ಧವಾಗಿಯೇ.

ಪದ್ಮಾ ಹೂವಿನ ದಂಡೆ ಎತ್ತಿಕೊಂಡಳು. ದಂಡೆಯ ತುದಿಯನ್ನು ಮೊಣಕೈಗೆ ಇಟ್ಟು, ಮುಷ್ಟಿ ಬಿಚ್ಚಿ, ಐದೂ ಬೆರಳು ನೀಳವಾಗಿ ಚಾಚಿ ಅಳೆದಳು. ಒಂದು, ಎರಡು, ಮೂರು, ನಾಲ್ಕು. ಸುಶೀಲಮ್ಮ ಕನ್ನಡಕ ಸರಿಮಾಡಿಕೊಂಡು ದಂಡೆಯನ್ನು ನೋಡಿದರು, ಅವಳ ಕೈಯನ್ನು ನೋಡಿದರು.

“ಇದೇನೇ ಪದ್ಮಾ, ನಿನ್ನ ಕೈ ಉದ್ದ ಬೆಳೆದಿದೆಯಲ್ಲ?”

“ಕೈ ಇಷ್ಟೇ ಇತ್ತು ಅಮ್ಮಾ,” ಎಂದಳು ಪದ್ಮಾ, ದಂಡೆಯನ್ನು ಅವರ ಬುಟ್ಟಿಗೆ ಇಳಿಸುತ್ತಾ. “ಇಷ್ಟು ವರ್ಷ ಮಡಚಿಟ್ಟಿದ್ದೆ.”