ಕಾಗದ ಮುಟ್ಟದ ಕತ್ತರಿ

ನಮ್ಮ ಮನೆಯಲ್ಲಿ ಕತ್ತರಿಗಳು ಮೂರು. ಅಡುಗೆಮನೆಯದು ಒಂದು, ದಾರ ಕತ್ತರಿಸಲು ಹೊಲಿಗೆ ಯಂತ್ರದ ಪಕ್ಕ ಇಟ್ಟಿರುವ ಚಿಕ್ಕದು ಇನ್ನೊಂದು. ಮೂರನೆಯದನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಅದು ನಮ್ಮ ಅತ್ತೆಯದು. ಗೇಣುದ್ದದ ಅಲಗು, ಹೆಬ್ಬೆರಳು ಕೂರುವ ಕಡೆ ಕಪ್ಪು ಬಣ್ಣ ಸವೆದು ಕಬ್ಬಿಣ ಬೆಳ್ಳಗಾಗಿತ್ತು. ಬೀದಿಗೆ ಬಾಗಿಲಿದ್ದ ಮುಂಗೋಣೆಯೇ ಅವರ ಹೊಲಿಗೆ ಅಂಗಡಿ. ಅಲ್ಲಿ ಮೂವತ್ತೆಂಟು ವರ್ಷ ಅದೊಂದೇ ಕತ್ತರಿಯಿಂದ ನಮ್ಮ ಬೀದಿಯ ಅಂಗಿ, ಕೋಟುಗಳನ್ನೆಲ್ಲ ಕತ್ತರಿಸಿದರು.

ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅದರಿಂದ ಒಂದು ಲಕೋಟೆಯ ಅಂಚು ಕತ್ತರಿಸಿದೆ. ಅಷ್ಟೇ. ಅತ್ತೆ ಉರಿದುಬಿದ್ದರು.

"ಬಟ್ಟೆ ಕತ್ತರಿನ ಕಾಗದಕ್ಕೆ ಹಾಕಿದ್ಯಾ? ಹಲ್ಲುಜ್ಜೋ ಬ್ರಶ್ಶಲ್ಲಿ ಚಪ್ಪಲಿ ಉಜ್ತೀಯೇನೇ?"

ನಾನೇನು ಕಡಿಮೆ? "ಒಂದು ಲಕೋಟೆಗೆ ಇಷ್ಟು ರಾದ್ಧಾಂತ ಯಾಕೆ ಅತ್ತೆ?" ಅಂದುಬಿಟ್ಟೆ. ಎರಡು ದಿನ ನಮಗಿಬ್ಬರಿಗೂ ಮಾತಿಲ್ಲ. ಕಾಗದ ಕತ್ತರಿಸಿದರೆ ಅಲಗು ಮೊಂಡಾಗುತ್ತದೆ, ಮತ್ತೆ ತೆಳು ಬಟ್ಟೆಗೆ ಹಾಕಿದರೆ ಅಗಿಯುತ್ತದೆ ಎಂದು ತಿಳಿದದ್ದು ಆಮೇಲೆ.

ಕತ್ತರಿ ಎಂಬ ಮಾತಿನ ವಿಷಯದಲ್ಲೂ ಅವರದು ಇದೇ ಹಟ. ನನ್ನ ಗಂಡ ಒಮ್ಮೆ "ಆಫೀಸಲ್ಲಿ ರಜೆಗೆ ಕತ್ತರಿ ಹಾಕಿದ್ದಾರೆ" ಅಂದದ್ದೇ ತಡ, ಅತ್ತೆ ಶುರು ಮಾಡಿದರು.

"ಕಳ್ಳನಿಗೆ ಜೇಬುಗತ್ತರಿ ಅಂತೀರಿ, ಫಜೀತಿಗೆ ಅಡಕತ್ತರಿ ಅಂತೀರಿ, ಇವಳ ನಾಲಿಗೆಗೂ ಕತ್ತರಿ ಅಂತೀರಿ. ಕೆಟ್ಟದ್ದಕ್ಕೆಲ್ಲ ಪಾಪ ಅದೊಂದೇ ಸಿಕ್ತಾ? ನಮ್ಮ ಕಸುಬಲ್ಲಿ ಕತ್ತರಿ ಹಾಕೋದು ಅಂದ್ರೆ ಶುರು ಮಾಡೋದು ಕಣೋ. ಕತ್ತರಿ ಹಾಕ್ದೆ ಅಂಗಿ ಆಗುತ್ತಾ?"

ನನ್ನ ನಾಲಿಗೆಯ ಮಾತು ಸುಳ್ಳಲ್ಲ, ಸುಮ್ಮನೆ ನಕ್ಕೆ.

ಬರಬರುತ್ತ ಹೊಲಿಗೆಯೆಲ್ಲ ನನ್ನ ಪಾಲಿಗೆ ಬಂತು. ಕತ್ತರಿಸುವುದು ಮಾತ್ರ ಅತ್ತೆಯೇ. ಅಳತೆಯನ್ನು ಅವರು ಎಂದೂ ಬರೆದಿಟ್ಟವರಲ್ಲ. ಬಾಗಿಲಲ್ಲಿ ನಿಂತ ಗಿರಾಕಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆದು ಕತ್ತರಿ ಓಡಿಸುವರು. ಎದುರುಮನೆಯ ಮೇಷ್ಟ್ರ ಎಡ ಭುಜ ಅರ್ಧ ಇಂಚು ಇಳಿದಿದೆ. ಅತ್ತೆ ಕತ್ತರಿಸಿದ ಅಂಗಿ ಹಾಕಿಕೊಂಡರೆ ಅದು ಯಾರಿಗೂ ಕಾಣುತ್ತಿರಲಿಲ್ಲ. ಹೇಗೆ ಎಂದು ಕೇಳಿದರೆ "ಕೈಗೆ ಗೊತ್ತು" ಅನ್ನುವರು. ನಾನು ಒಂದು ಸಲ ಕೋಟು ಕತ್ತರಿಸಲು ಹೋಗಿ ತೋಳು ಗಿಡ್ಡ ಮಾಡಿದೆ. ಆಮೇಲೆ ಬಟ್ಟೆ ಕತ್ತರಿಸುವ ಮೇಜಿನ ಹತ್ತಿರ ಸುಳಿಯಲಿಲ್ಲ.

ಹೋದ ವರ್ಷ ಅತ್ತೆ ಗೆರೆ ತಪ್ಪಿ ಕತ್ತರಿಸತೊಡಗಿದರು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ನರ ಸೊರಗಿದೆ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದು ಹೆಚ್ಚೆಂದರೆ ಇನ್ನು ಒಂದೆರಡು ತಿಂಗಳು ಅಂದರು. ಮನೆಗೆ ಬಂದು ಅತ್ತೆ ಆಡಿದ್ದು ಒಂದೇ ಮಾತು: "ಅಂಗಡಿ ಮುಚ್ಚಿಹೋಗುತ್ತಲ್ಲೇ."

ನಾನು ಹೊಲಿಯಬಲ್ಲೆ, ಕತ್ತರಿಸಲಾರೆ. ಆ ಕೋಣೆಗೆ ಬೀಗ ಬಿದ್ದರೆ ಅತ್ತೆ ಉಳಿಯುವುದಿಲ್ಲ ಅನ್ನಿಸಿತು.

ಮರುದಿನ ಮಧ್ಯಾಹ್ನ ಮುಂಗೋಣೆಯಿಂದ ಕರಕರ ಸದ್ದು. ಅದು ಬಟ್ಟೆಯ ಸದ್ದಲ್ಲ. ಓಡಿಹೋಗಿ ನೋಡಿದರೆ ಅತ್ತೆ ಕಿಟಕಿಯ ಬೆಳಕಿನಲ್ಲಿ ದಪ್ಪ ಕಂದು ಕಾಗದ ಹರಡಿಕೊಂಡು ತಮ್ಮ ಕತ್ತರಿಯಿಂದಲೇ ಕತ್ತರಿಸುತ್ತಿದ್ದಾರೆ!

"ಅಯ್ಯೋ ಅತ್ತೆ, ಅದು ಕಾಗದ! ತಾಳಿ, ಬೇರೆ ಕತ್ತರಿ ಕೊಡ್ತೀನಿ."

"ಕಾಗದ ಅಂತ ಗೊತ್ತು ಕಣೇ, ಇನ್ನೂ ಅಷ್ಟು ಕುರುಡಿ ಆಗಿಲ್ಲ. ಬೇರೆ ಕತ್ತರಿಲಿ ನನ್ನ ಕೈ ಓಡಲ್ಲ. ತಗೋ, ಇದು ಮೇಷ್ಟ್ರ ಎಡ ಭುಜ. ಮೇಲೆ ಬರಿ. ನಾಳೆ ಇದನ್ನ ಬಟ್ಟೆ ಮೇಲಿಟ್ಟು ಗೆರೆ ಎಳೀಬೇಕಾದೋಳು ನೀನು."

ಬರೆದೆ. ಕಣ್ಣು ತುಂಬಿಕೊಂಡು ಅಕ್ಷರ ಸೊಟ್ಟಗಾಯಿತು.

ಐದು ವಾರ ಹೀಗೇ ನಡೆಯಿತು. ತೋಳು, ಬೆನ್ನು, ಕಾಲರು. ಗಿರಾಕಿಗಳೆಲ್ಲ ಕಾಗದವಾಗಿ ಗೋಡೆಯ ಮೊಳೆಗಳಲ್ಲಿ ನೇತುಬಿದ್ದರು. ಕೊನೆಕೊನೆಗೆ ಕತ್ತರಿ ಕಾಗದವನ್ನೂ ಹರಿಯತೊಡಗಿತು. ಅಷ್ಟು ಹೊತ್ತಿಗೆ ಅತ್ತೆಯ ಕಣ್ಣಿಗೆ ಕಿಟಕಿ ಎಲ್ಲಿದೆ ಎನ್ನುವುದಷ್ಟೇ ತಿಳಿಯುತ್ತಿತ್ತು.

ವರ್ಷಕ್ಕೊಮ್ಮೆ ಬರುವ ಸಾಣೆಯವನು ಬಂದ. ಅಲಗಿನ ಮೇಲೆ ಬೆರಳಾಡಿಸಿ ನನ್ನನ್ನು ದುರುಗುಟ್ಟಿ ನೋಡಿದ.

"ಕಾಗದ ಕತ್ತರಿಸಿದ್ದೀರಲ್ಲಮ್ಮ! ಅಮ್ಮೋರು ಸುಮ್ನೆ ಬಿಟ್ರಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಗೋಡೆ ಹಿಡಿದುಕೊಂಡು ಬಂದರು.

"ಕತ್ತರಿಸಿದ್ದು ನಾನೇ ಕಣಪ್ಪ. ಚೆನ್ನಾಗಿ ಸಾಣೆ ಹಿಡಿ. ಹಾಗೇ ಆ ನಡುವಿನ ತಿರುಪು ಸ್ವಲ್ಪ ಸಡಿಲ ಮಾಡು. ನನ್ನ ಕೈಗೆ ಅಂತ ಬಿಗಿ ಮಾಡಿಸಿದ್ದು ಅದು. ಇವಳ ಕೈ ಸಣ್ಣದು."

ಸಾಣೆಯವನು ತಿರುಪಿಗೆ ಕೈ ಹಾಕಿದ. ಅತ್ತೆ ಬಿಗಿ ಮಾಡಿಸಿದ ಮೇಲೆ ಅಷ್ಟು ವರ್ಷದಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ. ನಾನು ಅತ್ತುಬಿಟ್ಟೆ.

ಮೇಷ್ಟ್ರ ಹೊಸ ಬಿಳಿ ಬಟ್ಟೆ ಮೇಜಿನ ಮೇಲೆ ಹರಡಿ, ಕಾಗದ ಇಟ್ಟು, ಗೆರೆ ಎಳೆದೆ. ಕತ್ತರಿ ಎತ್ತಿದ ಕೈ ಅಲ್ಲೇ ನಿಂತಿತು. ಪಕ್ಕದ ಕುರ್ಚಿಯಲ್ಲಿ ಅತ್ತೆ ಕಿವಿಗೊಟ್ಟು ಕೂತಿದ್ದರು. ಎಷ್ಟು ಹೊತ್ತಾದರೂ ಸದ್ದು ಬರಲಿಲ್ಲ.

"ಯಾಕೆ ನಿಂತೆ? ಕತ್ತರಿ ಹಾಕು" ಅಂದರು.

ಹಾಕಿದೆ.