ಸಂದಿಲ್ಲದ ಗಾದಿ

ಮುಂಬೈಯ ದಹಿಸರ್‌ನಲ್ಲಿ ಇಳಿದು ಫಕ್ರುದ್ದೀನ ನದಾಫ ಎಲ್ಲಿದ್ದಾನೆ ಅಂತ ಕೇಳಿದರೆ ಯಾರೂ ಹೇಳಲಿಕ್ಕಿಲ್ಲ. ಗಾದಿವಾಲೇ ಚಾಚಾ ಅನ್ನಿ, ಕೈಹಿಡಿದು ಮನೆಬಾಗಿಲಿಗೇ ಕರೆದುಕೊಂಡು ಹೋಗುತ್ತಾರೆ. ಮೂಲ ಸಿಂದಗಿ ಕಡೆಯ ಪಿಂಜಾರರು. ಮನೆಯಲ್ಲಿ ಮಾತು ಕನ್ನಡ, ಓಣಿಯಲ್ಲಿ ಹಿಂದಿ, ಗಿರಾಕಿಗಳ ಜೊತೆ ಮರಾಠಿ. ಹರೆಯದಲ್ಲಿ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಠಂಯ್ ಠಂಯ್ ಅನ್ನಿಸುತ್ತ ಕಾಂದಿವಲಿಯ ಚಾಳುಗಳನ್ನೆಲ್ಲ ಸುತ್ತಿದವನು. ಆಮೇಲೆ ಸ್ಟೇಶನ್ ಹತ್ತಿರ ಸಣ್ಣದೊಂದು ಅಂಗಡಿ ಹಾಕಿ, ಮಷೀನು ಕೂಡಿಸಿ, ಕೆಲಸದವರನ್ನಿಟ್ಟುಕೊಂಡು ಸೇಠ್ ಅನ್ನಿಸಿಕೊಂಡವನು. ಕೈ ಎಷ್ಟು ಚಲೋದೋ ಬಾಯಿ ಅಷ್ಟೇ ಒರಟು. ಯಾರಾದರೂ ಫೋಮಿನ ಗಾದಿಯ ಮಾತು ತೆಗೆದರೆ, ‘ಸ್ಪಂಜು ಇರೋದು ಪಾತ್ರೆ ತಿಕ್ಕಾಕ್ರಿ, ಮಲಗಾಕಲ್ಲ’ ಅಂತ ಮುಖಕ್ಕೆ ಹೊಡೆದಂತೆ ಹೇಳಿ ಕಳಿಸುತ್ತಿದ್ದ.

ಅವನದೊಂದು ಹಠ ಇತ್ತು. ಗಂಡ ಹೆಂಡತಿ ಮಲಗುವ ಗಾದಿಗೆ ನಡುವೆ ಸಂದು ಇರಬಾರದು. ಇದು ಅವರಪ್ಪ ಹೇಳಿಕೊಟ್ಟದ್ದು. ಮದುವೆಯ ಗಾದಿ ಅಂದರೆ ಒಂದೇ ಗಾದಿ, ಹೊರಗೆ ಹೊದಿಸುವ ಒಂದೇ ಅರಿವೆಯ ಖೋಳು, ಒಂದೇ ಕೈಯ ಹೊಲಿಗೆ. ಮುಂಬೈಯ ಮನೆಗಳು ಎಷ್ಟೆಂದರೂ ಇಕ್ಕಟ್ಟು ನೋಡಿ, ಹಗಲು ಸುತ್ತಿಡಲಿಕ್ಕೆ ಹಗುರಾಗಲಿ ಅಂತ ಜನ ಎರಡು ಸಣ್ಣ ಗಾದಿ ಕೇಳುತ್ತಿದ್ದರು. ಅಣ್ಣ ತಮ್ಮಂದಿರಿಗಾದರೆ ಹೊಲಿದುಕೊಡುತ್ತಿದ್ದ. ಹೊಸದಾಗಿ ಮದುವೆಯಾದವರಿಗೆ ಅಂದರೆ ಸುತರಾಂ ಇಲ್ಲ. ‘ಒಲ್ಲದಿದ್ರ ಬ್ಯಾರೆ ಅಂಗಡಿ ನೋಡ್ರಿ’ ಅನ್ನುತ್ತಿದ್ದ.

ಇಷ್ಟೆಲ್ಲ ಹೇಳುವವನ ಮನೆಯಲ್ಲಿ ಎಂಥ ಗಾದಿ ಇತ್ತು ಅಂದಿರಾ? ಅವರಪ್ಪ ಹೊಲಿದುಕೊಟ್ಟದ್ದು, ಮದುವೆಯಲ್ಲಿ. ಅದನ್ನೇ ಆಗೊಮ್ಮೆ ಈಗೊಮ್ಮೆ ಬಿಚ್ಚಿ ಹತ್ತಿ ಹಿಂಜಿಸಿ ತುಂಬಿಸುವುದು. ಅದೂ ಅಂಗಡಿಯಲ್ಲಿ ಯಾರ ಕೈ ಖಾಲಿ ಇದೆಯೋ ಅವರ ಕೈಯಿಂದ. ಊರ ಮಂದಿಗೆಲ್ಲ ಹೊಲಿದ ಮನುಷ್ಯ ತನ್ನ ಹೆಂಡತಿ ಅಜೀಜಾಬಿಗೆ ಅಂತ ಸೂಜಿಗೆ ದಾರ ಪೋಣಿಸಿದವನಲ್ಲ. ಅವಳು ಕೇಳಲೂ ಇಲ್ಲ. ಆ ಹಳೆಯ ಗಾದಿಯ ಮೇಲೆಯೇ ಮಕ್ಕಳನ್ನು ಹಡೆದು, ಬೆಳೆಸಿ, ಗಂಡನ ಮೀನಖಂಡಕ್ಕೆ ಪಾದ ಹಚ್ಚಿಕೊಂಡು ಮಲಗಿ ಮುದುಕಿಯಾದಳು.

ಮುದುಕಿಯಾದ ಮೇಲೆ ಅವಳ ಎದೆ ಕೈಕೊಟ್ಟಿತು. ಹೃದಯ ಸೋತಿದೆ, ನೀರು ಎದೆಗೆ ಏರುತ್ತದೆ, ಮಲಗುವಾಗ ತಲೆಕಡೆ ಎತ್ತರ ಇರಲೇಬೇಕು ಅಂದರು ಪರೇಲಿನ ದವಾಖಾನೆಯ ಡಾಕ್ಟರು. ಇತ್ತ ಫಕ್ರುದ್ದೀನನ ಬೆನ್ನು ಮೊದಲೇ ಹೋಗಿತ್ತು. ಜೀವಮಾನವೆಲ್ಲ ನೆಲದ ಮೇಲೆ ಬಗ್ಗಿ ಹೊಲಿದವನ ಬೆನ್ನು ಇನ್ನೇನಾದೀತು? ಅವನಿಗೆ ಸಪಾಟಾಗಿ, ಗಟ್ಟಿ ಹಾಸಿಗೆಯ ಮೇಲೆ ಮಲಗು ಅಂತ ಹೇಳಿದ್ದರು. ಅಜೀಜಾಬಿ ದಿಂಬಿನ ಮೇಲೆ ದಿಂಬು ಪೇರಿಸಿಕೊಂಡು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಕತ್ತು ಒಂದು ಕಡೆ ವಾಲಿ, ಬೆಳಗಾಗುವಷ್ಟರಲ್ಲಿ ಮುಖ ಬಾತುಕೊಂಡಿರುತ್ತಿತ್ತು.

ಮಗ ಮುಬಾರಕ ಎಸಿ ರಿಪೇರಿ ಮಾಡುವವನು, ತಾಯಿಯ ಮೇಲೆ ಜೀವ. ಒಂದು ರವಿವಾರ ಇಬ್ಬರನ್ನೂ ಕಾಂದಿವಲಿಯ ದೊಡ್ಡ ಮಂಚದಂಗಡಿಗೆ ಕರೆದುಕೊಂಡು ಹೋದ. ‘ಅಮ್ಮಿಗೆ ಒಂದು ಹಾಸ್ಪಿಟಲ್ ಕಾಟ್ ತಗೊಳ್ಳೋಣು, ಬಸ್’ ಅಂತ ದಾರಿಯುದ್ದಕ್ಕೂ ಅವನದೊಂದೇ ಮಾತು.

‘ಮನ್ಯಾಗ ದವಾಖಾನಿ ಮಾಡಬ್ಯಾಡಪ್ಪಾ’ ಅಂದಳು ಅಜೀಜಾಬಿ. ‘ನಾ ನಿಮ್ಮಪ್ಪನ ಬಾಜೂಕ ಮಲಗಾಕಿ. ಬ್ಯಾರೆ ಮಂಚದ ಮ್ಯಾಲ ಒಬ್ಬಾಕಿನ ಬಿದ್ಕೊಳ್ಳಾಕ ನನಗೇನಾಗೈತಿ?’

ಅಂಗಡಿಯಲ್ಲಿ ಸ್ನೇಹಲ್ ಅನ್ನುವ ಹುಡುಗಿ ರಿಮೋಟು ಒತ್ತಿ ಒತ್ತಿ ತೋರಿಸಿದಳು. ಮೊದಲು ಇಡೀ ಮಂಚ ಒಟ್ಟಿಗೆ ಮೇಲೇಳುವಂಥದ್ದು. ಸಂದಿಲ್ಲ ಅಂತ ಫಕ್ರುದ್ದೀನನಿಗೆ ಅದೇ ಮನಸ್ಸಿಗೆ ಬಂತು. ಇಬ್ಬರೂ ಮಲಗಿದರು. ತಲೆಕಡೆ ಎದ್ದದ್ದೇ ಅವನ ಸೊಂಟ ಮಡಿಚಿ, ಬೆನ್ನಿನಲ್ಲಿ ಚಳಕು ಹಿಡಿದು, ಹಣೆಯಲ್ಲಿ ಬೆವರು ಮೂಡಿತು. ಅವನು ಹಲ್ಲು ಕಚ್ಚಿ ‘ಅಡ್ಡಿಯಿಲ್ಲ’ ಅಂದ. ಅಜೀಜಾಬಿ ರಿಮೋಟು ಕಸಿದುಕೊಂಡು ಕೆಳಗಿಳಿಸಿದಳು. ಆಮೇಲೆ ಆ ಹುಡುಗಿ ಇನ್ನೊಂದು ತೋರಿಸಿದಳು. ನೋಡಲಿಕ್ಕೆ ಒಂದೇ ಮಂಚ, ಒಳಗೆ ಎರಡು. ಎರಡು ಚೌಕಟ್ಟು, ಎರಡು ಫೋಮಿನ ಗಾದಿ, ಇಬ್ಬರಿಗೂ ಒಂದೊಂದು ರಿಮೋಟು. ಒಬ್ಬರು ಎದ್ದು ಕೂರಬಹುದು, ಪಕ್ಕದವರು ಸಪಾಟು ಮಲಗಬಹುದು. ಎರಡನ್ನೂ ಕಟ್ಟಬೇಡಿ, ತಮ್ಮಷ್ಟಕ್ಕೆ ತಾವು ಆಡಲಿ ಅಂತ ಹಿಂದಿಯಲ್ಲಿ ತಿಳಿಸಿ ಹೇಳಿದಳು.

ಅಜೀಜಾಬಿ ಅದರ ಮೇಲೆ ಮಲಗಿ ತಲೆ ಎತ್ತರಿಸಿಕೊಂಡು ಒಂದು ಉಸಿರು ಎಳೆದಳು ನೋಡಿ, ಎಷ್ಟೋ ತಿಂಗಳ ಮೇಲೆ ತುಂಬು ಉಸಿರು. ಮುಬಾರಕ ಅಲ್ಲಿಗಲ್ಲೇ ಹೂಂ ಅಂದುಬಿಟ್ಟ. ಫಕ್ರುದ್ದೀನ ನಡುವಿನ ಸಂದಿನಲ್ಲಿ ಬೆರಳು ಆಡಿಸುತ್ತ ನಿಂತಿದ್ದ.

ಮಂಚ ಮನೆಗೆ ಬಂದು ಒಳಕೋಣೆಯನ್ನು ಪೂರ್ತಿ ತುಂಬಿಕೊಂಡಿತು. ಅಜೀಜಾಬಿಯ ಮುಖಕ್ಕೆ ಕಳೆ ಬಂತು, ಕಾಲಿನ ಬಾವು ಇಳಿಯಿತು, ಅಡುಗೆಮನೆಗೆ ಬಂದು ಸೊಸೆ ಜೇಬುನ್ನೀಸಾಳ ರೊಟ್ಟಿಯಲ್ಲಿ ತಪ್ಪು ಹುಡುಕುವಷ್ಟು ಹುಷಾರಾದಳು. ನಿದ್ದೆ ಹೋದದ್ದು ಗಂಡನದ್ದು. ಹೆಂಡತಿ ಮೇಲೆ, ತಾನು ಕೆಳಗೆ. ಅವಳ ಪಾದ ಅವನ ಕಾಲಿಗೆ ಸಿಗುತ್ತಿರಲಿಲ್ಲ. ಎರಡು ಗಾದಿ ದಿನಕ್ಕಿಷ್ಟು ಸರಿದು ಸರಿದು ನಡುವೆ ಅಂಗೈ ಇಳಿಯುವಷ್ಟು ಜಾಗವಾಯಿತು. ಮೇಲಾಗಿ ಮಂಚ ನೋಡಲಿಕ್ಕೆ ಅಂತ ನೆರೆಹೊರೆಯವರು ಬಂದಾಗ ಯಾರೋ ಒಬ್ಬರು, ‘ಏನ್ ಚಾಚಾ, ನಿಮ್ಮನ್ಯಾಗೂ ಸಂದು ಬಂತಲ್ಲ’ ಅಂತ ಚೇಷ್ಟೆ ಮಾಡಿದ್ದರು. ಫಕ್ರುದ್ದೀನನೂ ಎಲ್ಲರ ಜೊತೆ ನಕ್ಕ. ಒಳಗೆ ಮಾತ್ರ ಅದು ಮುಳ್ಳಿನ ಹಾಗೆ ಕೂತುಬಿಟ್ಟಿತು.

ಅಜೀಜಾಬಿ ತಂಗಿಯ ಮನೆಗೆ ಹೋದ ಒಂದು ಮಧ್ಯಾಹ್ನ ಅವನು ಅಂಗಡಿಯಿಂದ ದಬ್ಬಣ ತಂದ. ಮೇಣ ಹಚ್ಚಿದ ದಾರ ತಂದ. ಬೆನ್ನು ನೋಯುತ್ತಿದ್ದರೂ ಮಂಚದ ಮೇಲೆ ಮೊಳಕಾಲೂರಿ ಎರಡೂ ಗಾದಿಯ ಅಂಚು ಕೂಡಿಸಿ ತಲೆಯಿಂದ ಕಾಲಿನವರೆಗೆ ಹೊಲಿದ. ಎಂಥ ಹೊಲಿಗೆ ಅಂತೀರಿ! ಮೇಲೊಂದು ಚಾದರ ಹಾಸಿದರೆ ಎರಡಾಗಿತ್ತು ಅಂತ ದೇವರಿಗೂ ತಿಳಿಯಬಾರದು. ರಿಮೋಟು ಒತ್ತಿ ನೋಡಿದ. ಅವಳ ಕಡೆ ಎದ್ದಾಗ ಅವನ ಕಡೆಯ ಅಂಚೂ ಜಗ್ಗಿ ಸೊಟ್ಟಗೆ ಮೇಲೆ ಬಂತು. ಇರಲಿ ಅಂದುಕೊಂಡ. ಹತ್ತಿಯೊಳಗೇ ಹುಟ್ಟಿ ಬೆಳೆದವನಿಗೆ ಗೊತ್ತಿದ್ದದ್ದು ಹತ್ತಿಯ ಗುಣ. ನಾಲ್ಕು ದಿನ ಮಲಗಿದರೆ ಹತ್ತಿ ಮೈಗೆ ಒಗ್ಗುತ್ತದೆ, ಸಡಿಲಾಗುತ್ತದೆ, ದಾರಿ ಬಿಡುತ್ತದೆ. ಫೋಮೂ ಹಾಗೇ ಬಿಟ್ಟೀತು ಅಂತ ಅವನ ಲೆಕ್ಕ. ಫೋಮು ಬಿಡಲಿಲ್ಲ.

ಅಜೀಜಾಬಿ ಬಂದು ಚಾದರದ ಮೇಲೆ ಕೈಯಾಡಿಸಿದಳು. ಸಂದಿನ ಜಾಗದಲ್ಲಿ ಬೆರಳು ನಿಂತವು. ಚಾದರ ಸರಿಸಿ ಹೊಲಿಗೆಯನ್ನು ಆ ತುದಿಯಿಂದ ಈ ತುದಿಗೆ ಮುಟ್ಟಿ ನೋಡಿದಳು.

‘ನೀವ ಹೊಲದೀರೇನ್ರಿ?’

‘ಮತ್ಯಾರು ಹೊಲೀತಾರ?’

ಅವಳ ಮುಖವೆಲ್ಲ ನಗೆಯಾಯಿತು. ಆದರೆ ಮಲಗಿ ತಲೆ ಎತ್ತರಿಸಿದಾಗ ಗಂಡನ ಬೆನ್ನಿನ ಅಡಿಯ ಗಾದಿ ತಿರುಚಿಕೊಂಡು ಎದ್ದದ್ದನ್ನು ಕಂಡಳು, ಅವನು ತುಟಿ ಕಚ್ಚಿದ್ದನ್ನೂ ಕಂಡಳು. ಮೆಲ್ಲಗೆ ಕೆಳಗಿಳಿಸಿದಳು. ‘ಈಗ ಎತ್ತರ ಬ್ಯಾಡಾಗೈತ್ರಿ ನನಗ. ಉಸರು ಹಗುರ ಐತಿ’ ಅಂದಳು. ಮರುದಿನವೂ ಅದನ್ನೇ ಅಂದಳು, ಅದರ ಮರುದಿನವೂ.

ಅವನು ನಂಬಿದ. ನಂಬಬಾರದಿತ್ತು, ಆದರೆ ನಂಬಲಿಕ್ಕೆ ಎಷ್ಟು ಹಿತವಾಗಿತ್ತು. ಅವಳ ಪಾದ ಮತ್ತೆ ಅವನ ಕಾಲಿಗೆ ಬಂದು ಕೂತಿತ್ತು. ಅವಳು ಕೆಮ್ಮುವುದು ಕೇಳುತ್ತಿತ್ತು, ಮಳೆಗಾಲದ ಥಂಡಿ ಅಂದುಕೊಂಡ. ಕಾಲು ಬಾತಿತ್ತು, ಅಡುಗೆಮನೆಯಲ್ಲಿ ಬಹಳ ನಿಲ್ಲುತ್ತಾಳೆ ಅಂದುಕೊಂಡ. ಅಷ್ಟು ಸಾಲದು ಅಂತ ಓಣಿಯಲ್ಲಿ ಕೂತು, ‘ಡಾಕ್ಟರಗ ಏನ ತಿಳೀತದ? ಪಿಂಜಾರನ ಹೊಲಿಗಿ ಮುಂದ ಅವರ ಮಷೀನು ನಡೀಲಿಲ್ಲ ನೋಡ್ರಿ’ ಅಂತ ಬಡಾಯಿ ಬೇರೆ.

ಒಂದು ಬೆಳಿಗ್ಗೆ ಅವನು ನಮಾಜು ಮುಗಿಸಿ ಬಂದಾಗ ಅಜೀಜಾಬಿ ಮಂಚದ ಅಂಚಿಗೆ ಕೂತು ಬಾಯಿ ತೆರೆದು ಗಾಳಿಗಾಗಿ ಒದ್ದಾಡುತ್ತಿದ್ದಳು. ತುಟಿ ನೀಲಿಯಾಗಿತ್ತು. ಮುಬಾರಕ ಟ್ಯಾಕ್ಸಿ ತಂದ. ಪರೇಲು ಮುಟ್ಟುವ ತನಕ ಫಕ್ರುದ್ದೀನ ಅವಳ ಬೆನ್ನನ್ನು ತನ್ನ ಎದೆಗೆ ಆನಿಸಿಕೊಂಡು ಎತ್ತಿ ಹಿಡಿದಿದ್ದ. ತನ್ನ ಬೆನ್ನು ನೋಯಿತೋ ಇಲ್ಲವೋ ಅವನಿಗೆ ನೆನಪಿಲ್ಲ.

ಮೂಗಿಗೆ ಆಕ್ಸಿಜನ್ ಹಚ್ಚಿ, ಸೂಜಿ ಕೊಟ್ಟು, ಅವಳಿಗೆ ಮಾತು ಬಂದ ಮೇಲೆ ಡಾಕ್ಟರಮ್ಮ ಕೇಳಿದಳು, ‘ಆಯಿ, ತಲೆ ಎತ್ತರ ಇಟ್ಟುಕೊಂಡೇ ಮಲಗುತ್ತೀರಲ್ಲ?’

‘ಹೌದು ಡಾಕ್ಟರ್, ದಿನಾಲೂ’ ಅಂದಳು ಅಜೀಜಾಬಿ.

ಫಕ್ರುದ್ದೀನ ಕಾಲುಗಡೆ ನಿಂತಿದ್ದ. ಹೆಂಡತಿ ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದನ್ನು ಅವನು ಆವತ್ತೇ ಕೇಳಿದ್ದು. ‘ಇಲ್ಲ’ ಅಂದ. ‘ಸಪಾಟ ಮಲಗ್ತಿದ್ಲು. ನಾನ ಗಾದಿ ಹೊಲದಿಟ್ಟಿದ್ದೆ.’ ಮುಬಾರಕ ತಂದೆಯ ಕಡೆ ನೋಡಿದ. ಹೃದಯ ಮೊದಲೇ ಸೋತದ್ದು, ಇದೊಂದರಿಂದಲೇ ಆಯಿತು ಅಂತಲ್ಲ, ಆದರೆ ಎದೆಯಲ್ಲಿ ನೀರಿಟ್ಟುಕೊಂಡು ಸಪಾಟ ಮಲಗುವುದು ಅಂದರೆ ದಿನಾ ಮುಳುಗಿದ ಹಾಗೆ, ಅಂದಳು ಡಾಕ್ಟರಮ್ಮ. ಇಷ್ಟು ದಿನ ಹೇಗೆ ತಡೆದುಕೊಂಡರೋ ಅಂತ ತನ್ನಷ್ಟಕ್ಕೇ ಅಂದುಕೊಳ್ಳುತ್ತ ಮುಂದಿನ ಕಾಟಿಗೆ ಹೋದಳು.

ಫಕ್ರುದ್ದೀನ ಅಲ್ಲಿಂದ ಸೀದಾ ಲೋಕಲ್ ಹಿಡಿದು ಮನೆಗೆ ಬಂದ. ಹೊಲಿಗೆ ಬಿಚ್ಚಬೇಕಿತ್ತು. ಗಟ್ಟಿಯಾಗಲಿ ಅಂತ ಹಾಕಿದ ಹೊಲಿಗೆ, ಬಿಚ್ಚಲಿಕ್ಕೆ ಬರಲೊಲ್ಲದು. ಬ್ಲೇಡು ಕೊಡಲೇ ಅಂತ ಜೇಬುನ್ನೀಸಾ ಕೇಳಿದಳು. ಬೇಡವೆಂದು ಒಂದೊಂದೇ ಗಂಟು ಉಗುರಿನಿಂದ ಸಡಿಲಿಸುತ್ತ, ಅಳುತ್ತ, ತನ್ನನ್ನು ತಾನೇ ಬಾಯಿಗೆ ಬಂದಂತೆ ಬೈದುಕೊಳ್ಳುತ್ತ ಬಿಚ್ಚಿದ. ಆಗ ಅವನಿಗೆ ಒಂದು ಮಾತು ಸ್ಪಷ್ಟವಾಯಿತು. ಇದನ್ನು ಅವಳಿಗಾಗಿ ಹೊಲಿದಿರಲಿಲ್ಲ. ತನ್ನ ನಿದ್ದೆ, ತನ್ನ ಹಠ, ಓಣಿಯವರ ಮುಂದೆ ತನ್ನ ಮಾನ, ಅದಕ್ಕಾಗಿ ಹೊಲಿದದ್ದು. ಅವಳ ಉಸಿರಿನ ವಿಚಾರ ಅವನಿಗೆ ಆ ಮಧ್ಯಾಹ್ನ ಬಂದೇ ಇರಲಿಲ್ಲ.

ಮರುದಿನ ದವಾಖಾನೆಗೆ ಹೋಗಿ ಅವಳ ಪಕ್ಕ ಕೂತು ಸುದ್ದಿ ಹೇಳಿದ. ‘ಬಿಚ್ಚಿ ಬಿಟ್ಟೀನಿ, ಅಜೀಜಾ. ಇನ್ನ ಆರಾಮ ಎತ್ತರ ಮಲಕ್ಕೊ.’

ಅವಳ ಮುಖ ಸಪ್ಪಗಾಯಿತು. ‘ಬಿಚ್ಚಿದ್ರ್ಯಾ?’

‘ಮತ್ತ? ನೀ ಆವತ್ತ ಹೇಳಬಾರದಿತ್ತೇನ? ಬಿಚ್ರಿ ಅಂದಿದ್ರ ನಾ ಬ್ಯಾಡ ಅಂತಿದ್ನ್ಯಾ?’

‘ಹೆಂಗ ಹೇಳ್ಲಿ?’ ಅಂದಳು. ಒಂದೊಂದು ಮಾತಿಗೂ ನಿಂತು ನಿಂತು ಉಸಿರು ಎಳೆಯುತ್ತಿದ್ದಳು. ‘ಇಡೀ ಮುಂಬೈಗೆ ಹೊಲದ್ರಿ. ಯಾರ್ಯಾರದೋ ಮದುವಿಗೆ ಹೊಲದ್ರಿ. ನನ್ನ ಸಲುವಾಗಿ ಅಂತ ಹೊಲದದ್ದು ಅದೊಂದ. ಅದನ್ನ ನನ್ನ ಬಾಯಿಲೆ ಬಿಚ್ಚು ಅನ್ಲ್ಯಾ?’

ನಿನ್ನ ಸಲುವಾಗಿ ಅಲ್ಲ ಅನ್ನುವುದು ಅವನ ನಾಲಿಗೆಯ ತುದಿಗೆ ಬಂದಿತ್ತು. ಆ ಮುಖ ನೋಡುತ್ತ ಹೇಗೆ ಹೇಳುತ್ತಾನೆ? ‘ಮನಿಗೆ ಬಾ’ ಅಂದ. ‘ಹೊಸಾದು ಹೊಲೀತೀನಿ. ನಿನ್ನ ಸಲುವಾಗಿನ.’

ಅವಳು ಮನೆಗೆ ಬಂದಳು. ಅವನು ಅಂಗಡಿಗೆ ಬೀಗ ಹಾಕಿ, ಒಳ್ಳೆಯ ಹತ್ತಿ ತರಿಸಿ, ಅವಳ ಮಂಚದ ಪಕ್ಕ ನೆಲದ ಮೇಲೆ ಕೂತು ಹೊಲಿಯಲಿಕ್ಕೆ ಹತ್ತಿದ. ಮಂಚದ ಜೊತೆ ಬಾಗಬೇಕು ಅಂತ ತೆಳ್ಳಗೆ. ಅಗಲ ಎಷ್ಟು ಅಂದರೆ ಮಂಚದಲ್ಲಿ ಅವಳು ಮಲಗುವ ಅರ್ಧದಷ್ಟೇ. ಗಂಡನುಳ್ಳ ಹೆಂಗಸಿಗೆ ಒಂಟಿ ಗಾದಿ ಹೊಲಿಯುವುದಿಲ್ಲ ಅಂತ ಎಷ್ಟು ಜನರನ್ನು ವಾಪಸು ಕಳಿಸಿದ್ದನೋ, ಅದೇ ಕೈಯಿಂದ ಒಬ್ಬಳ ಮೈಯಳತೆಗೆ ಅರಿವೆ ಕತ್ತರಿಸಿದ. ಅಜೀಜಾಬಿ ಎತ್ತರದಲ್ಲಿ ಒರಗಿಕೊಂಡು ನೋಡುತ್ತ, ಅಲ್ಲಿ ಹೊಲಿಗೆಯ ಟಾಕಿ ದೂರ ಬಿತ್ತು, ಇಲ್ಲಿ ಹತ್ತಿ ಗುಡ್ಡೆಯಾಯಿತು ಅಂತ ಅವನನ್ನು ಕಾಡಿಸಿದಳು. ಇಬ್ಬರೂ ಅಷ್ಟು ಮಾತಾಡಿದ್ದು ಮದುವೆಯಾದ ಹೊಸತರಲ್ಲಿ ಬಿಟ್ಟರೆ ಆಗಲೇ.

ಗಾದಿ ಮುಗಿಯಿತು. ಅವಳು ಅದರ ಮೇಲೆ ಮಲಗಿ, ತಲೆ ಎತ್ತರಿಸಿಕೊಂಡು, ಅಂಗೈಯಿಂದ ಹೊಲಿಗೆ ಸವರಿದಳು. ಕೆಳಗೆ ಅವನ ಕಡೆ ನೋಡಿ, ‘ಎರಡ ಆದುವು ನೋಡ್ರಿ, ನನಗ ಹೊಲದದ್ದು’ ಅಂದಳು.

ಈಗ ಹೇಳಬೇಕು ಅಂತ ಅವನು ಬಾಯಿ ತೆರೆದ. ಅವಳು ಕಾಯುತ್ತಿದ್ದಳು. ‘ಹೂಂ, ಎರಡು’ ಅಂದ.

ಮಳೆ ನಿಲ್ಲುವ ಮೊದಲೇ ಅಜೀಜಾಬಿ ಹೋದಳು. ಆ ಗಾದಿಯ ಮೇಲೆಯೇ, ಹಾಡುಹಗಲು, ಸೊಸೆ ನೀರು ತರುವಷ್ಟರಲ್ಲಿ. ಮಣ್ಣಿಗೆ ಬಂದವರೆಲ್ಲ ಫಕ್ರುದ್ದೀನನಿಗೆ ಸಮಾಧಾನ ಹೇಳಿದರು. ಹೆಂಡತಿಯನ್ನು ಎಷ್ಟು ಚಲೋ ನೋಡಿಕೊಂಡಿ, ಕೈಯಾರೆ ಗಾದಿ ಹೊಲಿದುಕೊಟ್ಟಿ ಅಂದರು. ಅವನು ತಲೆ ಎತ್ತಲಿಲ್ಲ. ಅಜೀಜಾಬಿ ಎರಡು ಅಂತ ಎಣಿಸಿಕೊಂಡು ಹೋದಳು. ಅವನಿಗೆ ಗೊತ್ತು, ಒಂದೇ.